ಅಪ್ಪನಿಗೆ ಆಗಿದ್ದು ಹಾರ್ಟ್ ಅಟ್ಯಾಕ್ ಅಲ್ವೇನೋ ಅಂತ ಈಗ ಅನುಮಾನ. ಮನೆಯವರೆಲ್ಲ ಎಕೋ (ಹೃದಯದ ಸ್ಕ್ಯಾನ್) ಮಾಡಿಸಲೇಬೇಕಾ?

ತೋಟದಮನೆ_ಹುಡುಗಿ
ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಇಲ್ಲಿ ಸುಮ್ನೆ ಓದಿಕೊಂಡಿದ್ದೆ, ಇವತ್ತು ನಾನೇ ಕೇಳುವ ಹಾಗಾಯ್ತು. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮದು ತೀರ್ಥಹಳ್ಳಿ ಕಡೆ. ತಮ್ಮನಿಗೆ 27. ಹೋದ ತಿಂಗಳು ಊರಲ್ಲಿ ವಾಲಿಬಾಲ್ ಪಂದ್ಯ ಇತ್ತು. ಮಧ್ಯಾಹ್ನ ಅಲ್ಲೇ ಊಟ. ಹೊಟ್ಟೆ ತುಂಬಾ ಉಂಡು ಅರ್ಧ ಗಂಟೆಗೆ ಆಟಕ್ಕೆ ಇಳಿದ. ಸರ್ವೀಸ್ ಮಾಡಲು ಚೆಂಡು ಮೇಲೆ ಎಸೆದ, ಚೆಂಡು ಕೆಳಗೆ ಬರುವಷ್ಟರಲ್ಲಿ ಇವನೇ ನೆಲದ ಮೇಲಿದ್ದ. ಒಂದು ನಿಮಿಷಕ್ಕೆ ಎಚ್ಚರ ಆಯ್ತು. ಮೊದಲು ತೋರಿಸಿದ ಕಡೆ ಗ್ಯಾಸ್ಟ್ರಿಕ್, ಬಿಸಿಲು ಅಂದರು. ಎರಡನೇ ಕಡೆ ಇಸಿಜಿ ನೋಡಿ "ಹಳೇ ಅಟ್ಯಾಕ್ ಆದ ಹಾಗಿದೆ" ಅಂದರು. ಆಂಜಿಯೋಗ್ರಾಮ್ ಆಯ್ತು, ರಕ್ತನಾಳ ಎಲ್ಲ ಕ್ಲೀನ್. ಮೂರನೇ ಡಾಕ್ಟರು ಎದೆಗೆ ಸ್ಟೆತಸ್ಕೋಪ್ ಇಟ್ಟುಕೊಂಡೇ ಇವನನ್ನು ಕುಕ್ಕರಗಾಲಲ್ಲಿ ಕೂರಿಸಿದರು, ಎಬ್ಬಿಸಿದರು, ಮತ್ತೆ ಕೂರಿಸಿದರು. ನನಗೆ ಶಾಲೆಯಲ್ಲಿ ಬಸ್ಕಿ ಹೊಡೆಸುವುದು ನೆನಪಾಯ್ತು. "ಎದ್ದು ನಿಂತಾಗ ಸದ್ದು ಜಾಸ್ತಿ ಆಗ್ತಿದೆ" ಅಂತ ಎಕೋಗೆ ಕಳಿಸಿದರು. ಎಡ ಬಲ ಕೋಣೆಗಳ ನಡುವಿನ ಗೋಡೆ 22 ಮಿಮೀ ಇದೆ. ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿ, ಅಂದರೆ ಹೃದಯದ ಸ್ನಾಯು ದಪ್ಪ ಆಗುವ ಕಾಯಿಲೆ (ಎಚ್‌ಸಿಎಂ), ಅದರಲ್ಲೂ ರಕ್ತ ಹೊರಹೋಗಲು ಅಡಚಣೆ ಇರುವ ಥರದ್ದು ಅಂತ ಬರೆದಿದ್ದಾರೆ. ಗ್ರೇಡಿಯೆಂಟ್ (ಅಡಚಣೆಯ ಆಚೆ ಈಚೆ ಒತ್ತಡದ ವ್ಯತ್ಯಾಸ) ಮಲಗಿದಾಗ 48, ಉಸಿರು ಕಟ್ಟಿ ಮುಕ್ಕಿದಾಗ 86.

ಡಾಕ್ಟರು ಕೇಳಿದ ಮೊದಲ ಪ್ರಶ್ನೆ, ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಲ್ಲಿ ಇದ್ದಕ್ಕಿದ್ದ ಹಾಗೆ ಹೋಗಿದ್ದಾರಾ ಅಂತ. ಅಪ್ಪ 2006ರಲ್ಲಿ ಹೋದರು, 43 ವರ್ಷಕ್ಕೆ, ಅಡಿಕೆ ಗೊನೆ ಹೊತ್ತು ದರೆ ಹತ್ತುವಾಗ. ಚಿಕ್ಕಪ್ಪ ಅದಕ್ಕೂ ಮೊದಲು, 29ಕ್ಕೆ, ಹೊಳೆಯಲ್ಲಿ ಈಜುವಾಗ. ಒಂದಕ್ಕೆ ಹಾರ್ಟ್ ಅಟ್ಯಾಕ್ ಅಂದುಕೊಂಡಿದ್ದೆವು, ಇನ್ನೊಂದಕ್ಕೆ ಸುಳಿ. ಯಾವುದಕ್ಕೂ ಪೋಸ್ಟ್‌ಮಾರ್ಟಮ್ ಇಲ್ಲ.

ಈಗ ತಮ್ಮನಿಗೆ ಐಸಿಡಿ (ಬಡಿತ ಹಳಿ ತಪ್ಪಿದರೆ ಶಾಕ್ ಕೊಡುವ, ಎದೆಯಲ್ಲಿ ಇಡುವ ಯಂತ್ರ) ಹಾಕಿಸಿ ಅನ್ನುತ್ತಿದ್ದಾರೆ. ನಾನು (33, ನಾಲ್ಕು ವರ್ಷದ ಮಗ ಇದ್ದಾನೆ) ಮತ್ತು ತಂಗಿ (24) ಇಬ್ಬರೂ ಎಕೋ ಮಾಡಿಸಬೇಕಂತೆ. ತಂಗಿಗೆ ಮದುವೆ ಮಾತುಕತೆ ನಡೀತಿದೆ. ಅಮ್ಮ "ಚೆನ್ನಾಗಿ ಓಡಾಡಿಕೊಂಡು ಇರೋರನ್ನ ಯಾಕೆ ಆಸ್ಪತ್ರೆಗೆ ಎಳೀತೀಯ" ಅಂತ ಮಾತು ಬಿಟ್ಟಿದ್ದಾರೆ. ಯಾರಾದರೂ ಇದನ್ನು ಅನುಭವಿಸಿದವರು ಇದ್ದರೆ ಹೇಳಿ.

ಕಡಲತಡಿ
ಮಾಡಿಸಿ ಮಾರಾಯ್ರೆ. ಎಕೋ ಅಂದರೆ ಸೂಜಿ ಇಲ್ಲ, ನೋವಿಲ್ಲ. ಜೆಲ್ಲಿ ಹಚ್ಚಿ ನೋಡುವುದು ಅಷ್ಟೆ.

ಗಾಳಿಪಟ_77
ಇದೆಲ್ಲ ವ್ಯಾಕ್ಸಿನ್ ಬಂದ ಮೇಲೆ ಶುರುವಾಗಿದ್ದು. ಹಾಸನದಲ್ಲಿ ಏನಾಯ್ತು ನೋಡಲಿಲ್ವಾ?

ಹಳೇ_ಮೇಷ್ಟ್ರು
@ಗಾಳಿಪಟ_77 ಅವರ ಅಪ್ಪ ತೀರಿಕೊಂಡಿದ್ದು 2006ರಲ್ಲಿ ಅಂತ ಬರೆದಿದ್ದಾರೆ. ಓದಿ ಬರೆಯಿರಿ.

ಗಾಳಿಪಟ_77
ನಾನು ಜನರಲ್ ಆಗಿ ಹೇಳಿದ್ದು.

ಹೇಮಾವತಿ_ದಡ
ನಾನು ಹಾಸನದವನೇ. 2025ರಲ್ಲಿ ಇಲ್ಲಿ ಹಾರ್ಟ್ ಅಟ್ಯಾಕ್‌ನಿಂದ ಸಾಲು ಸಾಲು ಸಾವು ಅಂತ ಗಲಾಟೆ ಆದಾಗ ಸರ್ಕಾರ ಜಯದೇವ ಹೃದ್ರೋಗ ಆಸ್ಪತ್ರೆಯ ನಿರ್ದೇಶಕರ ನೇತೃತ್ವದಲ್ಲಿ ಸಮಿತಿ ಮಾಡಿತ್ತು. ಲಸಿಕೆಗೂ ಸಾವುಗಳಿಗೂ ಸಂಬಂಧ ಇಲ್ಲ ಅಂತ ವರದಿ ಬಂತು. ಸಕ್ಕರೆ, ಬಿಪಿ, ಬೀಡಿ ಸಿಗರೇಟು ಇವೇ ಕಂಡಿದ್ದು. ಆಗ ಮೈಸೂರು ಜಯದೇವದ ಮುಂದೆ ಬೆಳಗಿನ ಜಾವವೇ ಕ್ಯೂ. ಸುಮ್ನೆ ಹೆದರಿ ಹೋದವರೇ ಜಾಸ್ತಿ, ನಾನೂ ಅದರಲ್ಲಿ ಒಬ್ಬ. ಆದರೆ ಈ ಅಕ್ಕನ ವಿಷಯ ಬೇರೆ. ಇವರ ಮನೆಯಲ್ಲಿ ಹೆದರಲು ಕಾರಣ ಇದೆ.

ಎಕೋ_ರೂಮ್
ನಾನು ಎಕೋ ಟೆಕ್ನಿಷಿಯನ್, 14 ವರ್ಷ ಆಯ್ತು. ಡಾಕ್ಟರ್ ಅಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಅಕ್ಕ, ಆ ಗೋಡೆ ಸಾಮಾನ್ಯವಾಗಿ 10, ಹೆಚ್ಚೆಂದರೆ 11-12 ಮಿಮೀ ಒಳಗೆ ಇರುತ್ತದೆ. ಬಿಪಿ, ವಾಲ್ವ್ ತೊಂದರೆ ಥರದ ಬೇರೆ ಕಾರಣ ಇಲ್ಲದೆ 15 ದಾಟಿದರೆ ಈ ಕಾಯಿಲೆ ಅನ್ನುತ್ತಾರೆ. ಆದರೆ ಮನೆಯಲ್ಲಿ ಒಬ್ಬರಿಗೆ ಇದೆ ಅಂತ ಖಾತ್ರಿಯಾಗಿದ್ದರೆ ಒಡಹುಟ್ಟಿದವರಿಗೆ, ಮಕ್ಕಳಿಗೆ ಅಳತೆ ಬೇರೆ. ದೊಡ್ಡವರಿಗೆ 13 ಇದ್ದರೂ ಲೆಕ್ಕಕ್ಕೆ ಬರುತ್ತದೆ. ಅದಕ್ಕೇ ಎಕೋಗೆ ಮಲಗುವ ಮೊದಲೇ "ನನ್ನ ತಮ್ಮನಿಗೆ ಎಚ್‌ಸಿಎಂ ಇದೆ" ಅಂತ ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ಹೊರಗೆ ನಲವತ್ತು ಜನ ಕೂತಿರುವಾಗ 13 ಮಿಮೀ ಅನ್ನುವುದು "ಸ್ವಲ್ಪ ದಪ್ಪ" ಅಂತ ಒಂದು ಗೆರೆ ಆಗಿ ಹೊರಟುಹೋಗುತ್ತದೆ. ನನ್ನ ಕೈಯಲ್ಲೂ ಹಾಗೆ ಹೋಗಿರಬಹುದು, ಸುಳ್ಳು ಹೇಳಲ್ಲ.

ಇನ್ನೊಂದು. ಮಲಗಿದಾಗ ಅಡಚಣೆ ಕಾಣದೇ ಇರಬಹುದು. ಉಸಿರು ಕಟ್ಟಿ ಮುಕ್ಕಿಸಿ, ಎದ್ದು ನಿಲ್ಲಿಸಿ ಅಳೆಯಲು ಕೇಳಿ. ಗ್ರೇಡಿಯೆಂಟ್ 30 ದಾಟಿದರೆ ಅಡಚಣೆ ಇದೆ ಅಂತ. 50 ದಾಟಿ, ಮಾತ್ರೆಗೂ ಬಗ್ಗದೆ ತೊಂದರೆ ಉಳಿದರೆ ಆಪರೇಷನ್ ಮಾತು ಬರುತ್ತದೆ. ಜೊತೆಗೆ ಇಸಿಜಿಯೂ ಬೇಕು. ಗೋಡೆ ದಪ್ಪ ಆಗುವ ಮೊದಲೇ ಇಸಿಜಿ ಕೆಟ್ಟಿರುವುದುಂಟು.

ನಾರ್ಮಲ್ ಬಂದರೂ ಅಲ್ಲಿಗೆ ಮುಗಿಯಲ್ಲ. ದೊಡ್ಡವರಿಗೆ 3-5 ವರ್ಷಕ್ಕೊಮ್ಮೆ, ಮಕ್ಕಳಿಗೆ 1-2 ವರ್ಷಕ್ಕೊಮ್ಮೆ ಮತ್ತೆ ನೋಡಬೇಕು.

ಅವರೆಕಾಳು
ಗೋಡೆ ದಪ್ಪ ಇದ್ದರೆ ಹೃದಯ ಗಟ್ಟಿ ಇದೆ ಅಂತ ಅಲ್ವಾ? ತಿಳಿಯದೆ ಕೇಳ್ತಿದ್ದೇನೆ.

ಎಕೋ_ರೂಮ್
@ಅವರೆಕಾಳು ತಿಳಿಯದೆ ಕೇಳಿದರೂ ಒಳ್ಳೇ ಪ್ರಶ್ನೆ. ಮುಷ್ಟಿ ಬಿಗಿ ಹಿಡಿಯುವುದು ಚೆನ್ನಾಗಿ ಬರುತ್ತದೆ, ಬಿಡಿಸುವುದು ಬರುವುದಿಲ್ಲ ಅಂದುಕೊಳ್ಳಿ. ಪೂರ್ತಿ ಸಡಿಲ ಆಗದಿದ್ದರೆ ಒಳಗೆ ರಕ್ತ ತುಂಬುವುದು ಹೇಗೆ? ಮೇಲಾಗಿ ದಪ್ಪ ಗೋಡೆ ರಕ್ತ ಹೊರಹೋಗುವ ಬಾಗಿಲ ಹತ್ತಿರವೇ ಉಬ್ಬಿರುತ್ತದೆ. ರಕ್ತ ಆ ಸಂದಿಯಲ್ಲಿ ರಭಸವಾಗಿ ಹೋಗುವಾಗ ಪಕ್ಕದ ಮೈಟ್ರಲ್ ವಾಲ್ವಿನ ಎಲೆಯನ್ನೂ ಎಳೆದುಕೊಳ್ಳುತ್ತದೆ. ಬಾಗಿಲು ಇನ್ನೂ ಕಿರಿದು. ಕೋಣೆಯಲ್ಲಿ ರಕ್ತ ಕಡಿಮೆ ಇದ್ದಷ್ಟೂ ಗೋಡೆ ಮತ್ತು ವಾಲ್ವ್ ಹತ್ತಿರ ಬರುತ್ತವೆ. ಅದಕ್ಕೇ ಎದ್ದು ನಿಂತಾಗ ಸದ್ದು ಜಾಸ್ತಿ, ಕುಕ್ಕರಗಾಲಲ್ಲಿ ಕೂತಾಗ ಕಡಿಮೆ. ಆ ಡಾಕ್ಟರು ಮಾಡಿಸಿದ ಬಸ್ಕಿಗೆ ಅರ್ಥ ಅದೇ. ಎಕೋ ಮಷೀನ್ ಇಲ್ಲದ ಕಾಲದ ವಿದ್ಯೆ, ಈಗ ಮಾಡುವವರು ಕಡಿಮೆ.

ತೋಟದಮನೆ_ಹುಡುಗಿ
@ಎಕೋ_ರೂಮ್ ತುಂಬಾ ಉಪಕಾರ ಆಯ್ತು. ಊಟ ಆದ ಮೇಲೆ ಬಿದ್ದಿದ್ದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಎರಡನೇ_ಬ್ಯಾಟರಿ
ಇದೆ. ನಾನೇ ಸಾಕ್ಷಿ. ಹೊಟ್ಟೆ ತುಂಬಾ ಉಂಡಾಗ ರಕ್ತ ಹೊಟ್ಟೆ ಕಡೆ ಹೋಗುತ್ತದೆ, ಇತ್ತ ಅಡಚಣೆ ಜಾಸ್ತಿ ಆಗುತ್ತದೆ. ಹೋಳಿಗೆ ಊಟ ಮಾಡಿ ಮೆಟ್ಟಿಲು ಹತ್ತಿದರೆ ನನಗೆ ಎದೆ ಹಿಂಡುತ್ತಿತ್ತು, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಅದೇ ಮೆಟ್ಟಿಲು ಏನೂ ಅಲ್ಲ. ಗ್ಯಾಸ್ಟ್ರಿಕ್ ಅಂತ ಎರಡು ವರ್ಷ ಮಾತ್ರೆ ನುಂಗಿದೆ.

ನನಗೆ ಈಗ 41. ಎಚ್‌ಸಿಎಂ ಗೊತ್ತಾಗಿದ್ದು 2013ರಲ್ಲಿ, ಅದೇ ವರ್ಷ ಐಸಿಡಿ. ಹೆಸರಿಗೆ ತಕ್ಕ ಹಾಗೆ ಎರಡನೇ ಬ್ಯಾಟರಿ ನಡೀತಿದೆ. ಎಡ ಭುಜದ ಮೂಳೆ ಕೆಳಗೆ ಚರ್ಮದಡಿ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡ ಡಬ್ಬಿ. ಸುಮ್ನೆ ಕಾಯುತ್ತಿರುತ್ತದೆ. ಬಡಿತ ಹಳಿ ತಪ್ಪಿದರೆ ಶಾಕ್ ಕೊಡುತ್ತದೆ. ಹನ್ನೆರಡು ವರ್ಷದಲ್ಲಿ ನನಗೆ ಒಂದೇ ಸಲ ಕೊಟ್ಟಿದೆ. ಸಿಟಿ ಬಸ್ಸಲ್ಲಿ ಕಂಬ ಹಿಡಿದು ನಿಂತಿದ್ದೆ. ಕಣ್ಣು ಮಂಜಾಯ್ತು, ಅಷ್ಟರಲ್ಲಿ ಎದೆಯ ಒಳಗಿನಿಂದ ಯಾರೋ ಝಾಡಿಸಿ ಒದ್ದ ಹಾಗೆ. ಕೈ ಹಾರಿ ಪಕ್ಕದವರ ಬಾಳೆಹಣ್ಣಿನ ಚೀಲಕ್ಕೆ ಬಡಿದು ಹಣ್ಣೆಲ್ಲ ಚೆಲ್ಲಾಪಿಲ್ಲಿ. ಅವರು ಕುಡಿದಿದ್ದೀಯಾ ಅಂತ ಬೈದರು. ನಾನು ಬದುಕಿದ ಖುಷಿಯಲ್ಲಿ ಬಗ್ಗಿ ಬಾಳೆಹಣ್ಣು ಆರಿಸಿಕೊಟ್ಟೆ.

ತಮ್ಮನಿಗೆ ಹೇಳಿ: ನೀರು ಕಡಿಮೆ ಕುಡಿಯಬಾರದು, ಬಿಸಿಲಲ್ಲಿ ಒಣಗಬಾರದು. ದೀಪಾವಳಿ ಎಣ್ಣೆಸ್ನಾನದಲ್ಲಿ ಕುದಿಯುವ ನೀರು ಹೊಯ್ದುಕೊಂಡು ಥಟ್ಟಂತ ಏಳಬಾರದು. ನಾನು ಎದ್ದು ಹಂಡೆ ಹಿಡಿದುಕೊಂಡೆ, ಕೈ ಸುಟ್ಟ ಗುರುತು ಇನ್ನೂ ಇದೆ.

ಬಸವನಗುಡಿ_ಬೆಕ್ಕು
ಸ್ವಲ್ಪ ವಿಷಯ ಬಿಟ್ಟು ಹೋಗ್ತಿದ್ದೇನೆ. ನನ್ನ ಮೇನ್ ಕೂನ್ ಬೆಕ್ಕಿಗೂ ಇದೇ ಕಾಯಿಲೆ! ಪಶುವೈದ್ಯರು ಎಕೋ ಮಾಡಿ ಹೇಳಿದರು. ಬೆಕ್ಕುಗಳಲ್ಲಿ ಹೃದಯದ ಕಾಯಿಲೆ ಅಂದರೆ ಜಾಸ್ತಿ ಇದೇ ಅಂತೆ. ಮೇನ್ ಕೂನ್ ತಳಿಯಲ್ಲಿ ಇದರ ಜೀನ್ ಗುರುತಿಸಿದ್ದು 2005ರಲ್ಲಿ, ಮನುಷ್ಯರಲ್ಲಿ ಕೆಡುವ ಜೀನೇ ಅಲ್ಲೂ ಕೆಟ್ಟಿದೆ.

ಕಡಲತಡಿ
ಬೆಕ್ಕಿಗೆ ಎಕೋ! ನಮ್ಮೂರಲ್ಲಿ ಮನುಷ್ಯರಿಗೇ ಸಿಗುವುದಿಲ್ಲ.

ಬಸವನಗುಡಿ_ಬೆಕ್ಕು
ಹೊಟ್ಟೆಕಿಚ್ಚು ಬೇಡ. ಅದಕ್ಕೂ ಹೃದಯದ ವೇಗ ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆ. ದಿನಾ ನುಂಗಿಸುವುದು ಒಂದು ಯುದ್ಧ, ನನ್ನ ಕೈ ನೋಡಿದರೆ ಗೊತ್ತಾಗುತ್ತದೆ.

ಜೋಳದರೊಟ್ಟಿ
ನಮ್ಮ ಕಡೆ ಸೋದರಮಾವನ ಮಗಳು, ಅಕ್ಕನ ಮಗಳು ಅಂತ ಒಳಗೊಳಗೇ ಮದುವೆ ಮಾಡ್ತಾರಲ್ರೀ, ಅದಕ್ಕೇ ಇಂಥಾವೆಲ್ಲ ಬರೋದು. ಇವರ ಅಪ್ಪ ಅಮ್ಮ ಸಂಬಂಧದಲ್ಲಿ ಆಗಿದ್ದಾರಾ ಕೇಳ್ರಿ.

ತೋಟದಮನೆ_ಹುಡುಗಿ
ಇಲ್ಲ. ಅಮ್ಮ ಶೃಂಗೇರಿ ಕಡೆಯವರು, ಹಳೇ ಸಂಬಂಧ ಏನೂ ಇಲ್ಲ.

ಹಳೇ_ಮೇಷ್ಟ್ರು
@ಜೋಳದರೊಟ್ಟಿ ಮೂವತ್ತು ವರ್ಷ ಜೀವಶಾಸ್ತ್ರ ಪಾಠ ಮಾಡಿದವನು ನಾನು, ಸ್ವಲ್ಪ ತಿದ್ದುತ್ತೇನೆ. ಕೆಲವು ಕಾಯಿಲೆ ಬರಬೇಕಾದರೆ ತಂದೆ ತಾಯಿ ಇಬ್ಬರ ಕಡೆಯಿಂದಲೂ ಜೀನಿನ ಕೆಟ್ಟ ಪ್ರತಿ ಬರಬೇಕು. ಒಳಗೊಳಗೇ ಮದುವೆ ಆದಾಗ ಅಂಥವು ಜಾಸ್ತಿ. ಇದು ಹಾಗಲ್ಲ. ಒಂದೇ ಕಡೆಯಿಂದ ಬಂದರೂ ಸಾಕು. ಒಬ್ಬರಿಗೆ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ, ನಾಣ್ಯ ಚಿಮ್ಮಿದ ಹಾಗೆ. ಮೊದಲನೆಯವನಿಗೆ ಬಂತು ಅಂತ ಎರಡನೆಯವಳಿಗೆ ಬರಲ್ಲ ಅಂತೇನೂ ಇಲ್ಲ, ನಾಣ್ಯಕ್ಕೆ ಹಿಂದಿನದು ನೆನಪಿರುವುದಿಲ್ಲ. ಗಂಡು ಹೆಣ್ಣು ಭೇದವೂ ಇಲ್ಲ. ನಿಮ್ಮ ಮಾತಿನಲ್ಲಿ ಒಂದು ಎಳೆ ನಿಜ ಇದೆ: ಎರಡೂ ಕಡೆಯಿಂದ ಬಂದುಬಿಟ್ಟರೆ ಮಗುವಿಗೆ ತೀರಾ ಚಿಕ್ಕ ವಯಸ್ಸಲ್ಲೇ ಜೋರಾಗಿ ಕಾಣಿಸಿಕೊಳ್ಳುತ್ತದೆ.

ಪೋಸ್ಟ್‌ಮಾರ್ಟಮ್ ಇಲ್ಲ ಅಂದರಲ್ಲ ಈ ಹುಡುಗಿ, ಅದು ನನ್ನನ್ನು ಕಾಡಿತು. ಈ ಕಾಯಿಲೆಯನ್ನು ಇವತ್ತಿನ ರೂಪದಲ್ಲಿ ಗುರುತಿಸಿದ್ದೇ ಶವಪರೀಕ್ಷೆಯ ಮೇಜಿನ ಮೇಲೆ. 1958ರಲ್ಲಿ ಲಂಡನ್ನಿನ ಡೊನಾಲ್ಡ್ ಟಿಯರ್ ಅನ್ನುವ ಪೆಥಾಲಜಿಸ್ಟ್, ಇದ್ದಕ್ಕಿದ್ದಂತೆ ಸತ್ತ ಹದಿಹರೆಯದವರ, ಯುವಕರ ಹೃದಯ ಕೊಯ್ದು ನೋಡಿದಾಗ ನಡುಗೋಡೆ ವಿಕಾರವಾಗಿ ದಪ್ಪ ಇತ್ತು. ಗೆಡ್ಡೆ ಇರಬಹುದು ಅಂತಲೇ ಆತ ಅಂದುಕೊಂಡಿದ್ದು. ನಮ್ಮಲ್ಲಿ "ಹೋಗಿದ್ದು ಹೋಯ್ತು, ದೇಹ ಕುಯ್ಯಿಸಬೇಡಿ" ಅನ್ನುತ್ತೇವೆ. ತಪ್ಪು ಅಂತ ಹೇಳಲಾರೆ, ನನ್ನ ಅಣ್ಣನಿಗೂ ನಾನು ಅದನ್ನೇ ಮಾಡಿದ್ದು.

ಜೀನ್ಸ್_ಪ್ಯಾಂಟ್
ಬೆಂಗಳೂರಲ್ಲಿ ಲ್ಯಾಬ್‌ನಲ್ಲಿ ಕೆಲಸ ನನ್ನದು. ನಮ್ಮ ಉಪಖಂಡಕ್ಕೇ ಸೇರಿದ ಒಂದು ವಿಷಯ ಇದೆ. ಎಂವೈಬಿಪಿಸಿ3 ಅಂತ ಒಂದು ಜೀನ್. ಅದರಲ್ಲಿ ಡಿಎನ್‌ಎಯ 25 ಅಕ್ಷರ ಬಿಟ್ಟುಹೋಗಿರುವ ರೂಪ ಭಾರತೀಯರಲ್ಲಿ ಸುಮಾರು 100ಕ್ಕೆ 4 ಜನರಲ್ಲಿ ಇದೆ ಅಂತ 2009ರಲ್ಲಿ ಧಂಡಪಾಣಿ, ತಂಗರಾಜ್ ಮತ್ತವರ ತಂಡ ನೇಚರ್ ಜೆನೆಟಿಕ್ಸ್ ಪತ್ರಿಕೆಯಲ್ಲಿ ಬರೆದರು. ಧಂಡಪಾಣಿ ಅವರು ಆಮೇಲೆ ನಮ್ಮ ಬೆಂಗಳೂರಿನ ಸಂಶೋಧನಾ ಸಂಸ್ಥೆ ಇನ್‌ಸ್ಟೆಮ್‌ನಲ್ಲೇ ಲ್ಯಾಬ್ ಮಾಡಿದರು. ಯುರೋಪಿನವರಲ್ಲಿ ಇದು ಕಾಣುವುದೇ ಇಲ್ಲ ಅನ್ನಬಹುದು.

ಅವರೆಕಾಳು
100ಕ್ಕೆ 4 ಅಂದರೆ ನಮ್ಮ ಅಪಾರ್ಟ್‌ಮೆಂಟಲ್ಲೇ ಹತ್ತು ಹದಿನೈದು ಜನ ಆದರಲ್ಲ! ಎಲ್ಲರೂ ಸಾಯ್ತಾರಾ?

ಜೀನ್ಸ್_ಪ್ಯಾಂಟ್
ಅಯ್ಯೋ ಇಲ್ಲ. ಹೆಚ್ಚಿನವರು ಏನೂ ಆಗದೆ ಮೊಮ್ಮಕ್ಕಳನ್ನು ಆಡಿಸಿಕೊಂಡು ಇರುತ್ತಾರೆ. ಸಮಸ್ಯೆ ಬಂದರೂ ಸಾಮಾನ್ಯವಾಗಿ ನಡುವಯಸ್ಸಿನ ಮೇಲೆ. 2018ರ ಇನ್ನೊಂದು ಅಧ್ಯಯನ ಹೇಳಿದ ಪ್ರಕಾರ, ಆ ಬಿಟ್ಟುಹೋದ ತುಂಡಿನ ಜೊತೆಗೆ ಅದೇ ಜೀನಲ್ಲಿ ಇನ್ನೊಂದು ಬದಲಾವಣೆಯೂ ಇದ್ದವರಲ್ಲೇ ಅಪಾಯ ಎದ್ದು ಕಂಡಿದ್ದು. ಹಾಗಾಗಿ ಎಲ್ಲರೂ ಲ್ಯಾಬಿಗೆ ಓಡಬೇಡಿ.

ತೋಟದಮನೆ ಅಕ್ಕನಿಗೆ: ಜೀನ್ ಟೆಸ್ಟ್ ಮಾಡಿಸುವುದಾದರೆ ಮೊದಲು ತಮ್ಮನಿಗೆ, ತಂಗಿಗಲ್ಲ. ತಮ್ಮನಲ್ಲಿ ಖಚಿತವಾದ ತಪ್ಪು ಸಿಕ್ಕಿದರೆ ಆಮೇಲೆ ನಿಮ್ಮಿಬ್ಬರಲ್ಲಿ ಆ ಒಂದೇ ಜಾಗ ನೋಡಿದರೆ ಸಾಕು. ಇಲ್ಲ ಅಂತ ಬಂದರೆ ಪದೇ ಪದೇ ಎಕೋ ಗೋಳು ತಪ್ಪಿತು. ಆದರೆ ಸುಮಾರು ಅರ್ಧದಷ್ಟು ಮನೆಗಳಲ್ಲಿ ಏನೂ ಸಿಗುವುದಿಲ್ಲ. ಕೆಲವು ಸಲ "ಅರ್ಥ ಗೊತ್ತಿಲ್ಲದ ಬದಲಾವಣೆ" ಅಂತ ಬರುತ್ತದೆ. ಅದನ್ನು ಹಿಡಿದುಕೊಂಡು ಯಾವ ತೀರ್ಮಾನವನ್ನೂ ಮಾಡಬಾರದು.

ನೇರನುಡಿ
ಎಲ್ಲರೂ ಇದೇನೋ ಅಪರೂಪದ ಕಾಯಿಲೆ ಅನ್ನುವ ಹಾಗೆ ಮಾತಾಡ್ತಿದ್ದೀರಿ. ಪುಸ್ತಕದಲ್ಲಿ 500ಕ್ಕೆ ಒಬ್ಬರು ಅಂತ ಇದೆ. ಅಪರೂಪ ಎಲ್ಲಿಂದ ಬಂತು?

ಎಕೋ_ರೂಮ್
ಇರುವುದು ಅಪರೂಪ ಅಲ್ಲ ಸರ್, ಗೊತ್ತಾಗುವುದು ಅಪರೂಪ.

ನೇರನುಡಿ
ಡೈಲಾಗ್ ಚೆನ್ನಾಗಿದೆ. ಆದರೆ ಗೋಡೆ ದಪ್ಪ ಇರುವುದೆಲ್ಲ ಇದೇ ಅಲ್ಲವಲ್ಲ? ಫ್ಯಾಬ್ರಿ, ಡ್ಯಾನನ್ ಅಂತ ನಿಜವಾದ ಅಪರೂಪದವೂ ಇವೆ, ಎಕೋದಲ್ಲಿ ಇದೇ ಥರ ಕಾಣುತ್ತವೆ.

ಎಕೋ_ರೂಮ್
ಅದು ಸರಿ. ಅದಕ್ಕೇ ಎಂಆರ್‌ಐ, ಜೀನ್ ಟೆಸ್ಟ್ ಎಲ್ಲ ಮಾಡಿಸುವುದು. ಫ್ಯಾಬ್ರಿಗೆ ಚಿಕಿತ್ಸೆಯೇ ಬೇರೆ, ಕಡಿಮೆ ಇರುವ ಕಿಣ್ವವನ್ನು ಎರಡು ವಾರಕ್ಕೊಮ್ಮೆ ಡ್ರಿಪ್‌ನಲ್ಲಿ ಕೊಡುತ್ತಾರೆ. ಕೈಕಾಲು ಉರಿ, ಕಿಡ್ನಿ ತೊಂದರೆ ಇದ್ದರೆ ಡಾಕ್ಟರಿಗೆ ಹೇಳಬೇಕು.

ಮಂಡ್ಯದ_ಮಾತು
ನಮ್ಮ ಮಾವನದು ಹೇಳ್ತೀನಿ ಕೇಳಿ. ಎದೆ ನೋವು ಅಂದರು. ಮನೆಯಲ್ಲಿ ಅತ್ತೆಯ ನಾಲಿಗೆ ಕೆಳಗಿಡುವ ಮಾತ್ರೆ ಇತ್ತು, ಬಾಯಿಗೆ ಹಾಕಿದೆವು. ಎರಡೇ ನಿಮಿಷ, ಕುರ್ಚಿಯಿಂದ ಜಾರಿ ಬಿದ್ದರು. ಅದು ರಕ್ತನಾಳ ಸಡಿಲ ಮಾಡುವ ಮಾತ್ರೆ. ಅಟ್ಯಾಕ್ ಆದವರಿಗೆ ಸರಿ, ಇವರಿಗೆ ಉಲ್ಟಾ. ಹೃದಯಕ್ಕೆ ಬರುವ ರಕ್ತ ಕಡಿಮೆ ಆಗಿ ಬಾಗಿಲು ಇನ್ನೂ ಮುಚ್ಚಿಕೊಂಡಿತು ಅಂತ ಡಾಕ್ಟರು ಆಮೇಲೆ ಹೇಳಿದರು. ಅಲ್ಲಿಯವರೆಗೂ ಮಾವನಿಗೆ ಈ ಕಾಯಿಲೆ ಇದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಅಡಚಣೆ ಇರುವವರಿಗೆ ಕೆಲವು ಬಿಪಿ ಮಾತ್ರೆ, ನೀರು ಹೋಗುವ ಮಾತ್ರೆಯೂ ಹಾಗೇ ಕಾಡುತ್ತವೆ. ಈಗ ಮಾವನ ಜೇಬಲ್ಲಿ ಚೀಟಿ ಇಟ್ಟಿದ್ದೇವೆ, ಕಾಯಿಲೆ ಹೆಸರು, ಯಾವ ಮಾತ್ರೆ ಕೊಡಬಾರದು ಅಂತ. ಕನ್ನಡದಲ್ಲೂ ಇಂಗ್ಲಿಷಲ್ಲೂ.

ತೋಟದಮನೆ_ಹುಡುಗಿ
ದೇವರೇ. ನಮ್ಮ ಮನೆಯಲ್ಲೂ ಆ ಮಾತ್ರೆ ಇದೆ, ಅಜ್ಜಿಯದು. ಚೀಟಿ ಇವತ್ತೇ ಬರೆದೆ.

ಬ್ರಂಟನ್_ಹುಡ್ಗ
ಹೃದಯದ ಒಳಗೆ ಆಲ್ಕೋಹಾಲ್ ಬಿಡ್ತಾರೆ ಅಂತ ಎಲ್ಲೋ ಓದಿದೆ. ನಿಜವಾ? ನಮ್ಮ ಹುಡುಗರು ದಿನಾ ಬಿಟ್ಕೊಳ್ತಾರೆ, ಬಿಲ್ ಕಡಿಮೆ.

ಎರಡನೇ_ಬ್ಯಾಟರಿ
ನಾನು ಎಣ್ಣೆ ಬಗ್ಗೆ ಬರೆದಾಗಲೇ ಅಂದುಕೊಂಡೆ, ಯಾರಾದರೂ ಆ ಎಣ್ಣೆಗೆ ಬರ್ತಾರೆ ಅಂತ. ಹೌದು ಗುರು, ನಿಜ. 1994ರಲ್ಲಿ ಲಂಡನ್ನಿನಲ್ಲಿ ಉಲ್ರಿಚ್ ಸಿಗ್ವಾರ್ಟ್ ಅನ್ನುವ ಡಾಕ್ಟರು ಶುರು ಮಾಡಿದ್ದು. ಆಂಜಿಯೋಗ್ರಾಮ್ ಥರವೇ ತಂತಿ ಕಳಿಸಿ, ದಪ್ಪ ಗೋಡೆಗೆ ಹೋಗುವ ಸಣ್ಣ ರಕ್ತನಾಳಕ್ಕೆ ಒಂದೆರಡು ಮಿಲಿ ಶುದ್ಧ ಆಲ್ಕೋಹಾಲ್ ಬಿಡುತ್ತಾರೆ. ಅಷ್ಟು ಜಾಗದ ಸ್ನಾಯು ಸಾಯುತ್ತದೆ, ತೆಳ್ಳಗಾಗುತ್ತದೆ, ಬಾಗಿಲು ತೆರೆಯುತ್ತದೆ. ಬೇಕೂಂತ ಒಂದು ಸಣ್ಣ ಹಾರ್ಟ್ ಅಟ್ಯಾಕ್ ಮಾಡಿಸಿದ ಹಾಗೆ. ಸುಮಾರು 10 ಜನರಲ್ಲಿ ಒಬ್ಬರಿಗೆ ಆಮೇಲೆ ಪೇಸ್‌ಮೇಕರ್ ಬೇಕಾಗುತ್ತದೆ. ಚಿಕ್ಕ ವಯಸ್ಸಿನವರಿಗೆ ಎದೆ ತೆರೆದು ಆ ಸ್ನಾಯುವನ್ನು ಕೆತ್ತಿ ತೆಗೆಯುವ ಆಪರೇಷನ್ ಒಳ್ಳೆಯದು ಅನ್ನುತ್ತಾರೆ. ಮೈಯೆಕ್ಟಮಿ. ಅದನ್ನು ಜಾಸ್ತಿ ಮಾಡಿ ಕೈ ಪಳಗಿದವರ ಹತ್ತಿರವೇ ಹೋಗಬೇಕು.

ಬ್ರಂಟನ್_ಹುಡ್ಗ
ಸಾರಿ ಅಣ್ಣಾ, ತಮಾಷೆಗೆ ಕೇಳಿದ್ದು. ಉತ್ತರ ನೋಡಿ ಮೈ ಜುಮ್ ಅಂತು.

ನ್ಯೂಜೆರ್ಸಿ_ಕನ್ನಡಿಗ
ನನಗೂ ಇದೇ. ಇಲ್ಲಿ 2022ರ ಏಪ್ರಿಲ್‌ನಲ್ಲಿ ಮಾವಾಕಾಮ್ಟೆನ್ ಅನ್ನುವ ಮಾತ್ರೆಗೆ ಒಪ್ಪಿಗೆ ಸಿಕ್ಕಿತು, ನಾನು 2023ರಿಂದ ತಗೊಳ್ತಿದ್ದೇನೆ. ಈ ಕಾಯಿಲೆಗೇ ಅಂತ ಮಾಡಿದ ಮೊದಲ ಮಾತ್ರೆ. ಮೊದಲಿನ ಮಾತ್ರೆಗಳು ಹೃದಯದ ವೇಗ, ರಭಸ ತಗ್ಗಿಸುತ್ತಿದ್ದವು. ಇದು ಸ್ನಾಯುವಿನ ಎಳೆಗಳು ಒಂದನ್ನೊಂದು ಅತಿಯಾಗಿ ಹಿಡಿದು ಎಳೆಯುವುದನ್ನೇ ಸಡಿಲ ಮಾಡುತ್ತದೆ. ನನ್ನ ಗ್ರೇಡಿಯೆಂಟ್ 90ರಿಂದ 20ರ ಒಳಗೆ ಬಂತು. ಆದರೆ ಸಡಿಲ ಜಾಸ್ತಿ ಆದರೆ ಹೃದಯ ಸೋಲುತ್ತದೆ, ಅದಕ್ಕೆ ಶುರುವಿನಲ್ಲಿ ನಾಲ್ಕು ವಾರಕ್ಕೊಮ್ಮೆ ಎಕೋ ಕಡ್ಡಾಯ. ಬೇರೆ ಮಾತ್ರೆಗಳ ಜೊತೆ ಜಗಳವೂ ಇದೆ, ಗ್ಯಾಸ್ಟ್ರಿಕ್ ಮಾತ್ರೆಯನ್ನೂ ಕೇಳದೆ ತಗೊಳ್ಳುವ ಹಾಗಿಲ್ಲ. ಬೆಲೆ ಮಾತ್ರ ಕೇಳಬೇಡಿ.

ನೇರನುಡಿ
ಕೇಳ್ತೀವಿ.

ನ್ಯೂಜೆರ್ಸಿ_ಕನ್ನಡಿಗ
ಬಿಡುಗಡೆ ಆದಾಗ ವರ್ಷಕ್ಕೆ 89,500 ಡಾಲರ್. ಇನ್ಶೂರೆನ್ಸ್ ಇಲ್ಲದಿದ್ದರೆ ನಾನೂ ಹಳೇ ಮಾತ್ರೆಯಲ್ಲೇ ಇರುತ್ತಿದ್ದೆ.

ಕಡಲತಡಿ
ಆ ದುಡ್ಡಿಗೆ ನಮ್ಮಲ್ಲಿ ತೋಟ ಬರುತ್ತದೆ ಮಾರಾಯ್ರೆ.

ಮಂಡ್ಯದ_ಮಾತು
ನಮ್ಮ ಮಾವ ಬೀಟಾ ಬ್ಲಾಕರ್ ಮೆಟೊಪ್ರೊಲಾಲ್‌ನಲ್ಲೇ ಆರು ವರ್ಷದಿಂದ ಆರಾಮಾಗಿದ್ದಾರೆ. ಗದ್ದೆಗೆ ಹೋಗ್ತಾರೆ, ಜಗಳ ಆಡ್ತಾರೆ. ಹಳೇ ಮಾತ್ರೆ ಅಂತ ಕೀಳಾಗಿ ನೋಡಬೇಡಿ. ಒಂದೇ, ಹೇಳದೆ ಕೇಳದೆ ಥಟ್ಟಂತ ನಿಲ್ಲಿಸಬಾರದು.

ಜಿಮ್_ಜಗ್ಗ
ತಮ್ಮ ಇನ್ನು ಆಟ ಬಿಡಬೇಕಾ? ಅಪ್ಪು ಸರ್ ಹೋದ ಮೇಲೆ ಜಿಮ್ ಅಂದರೆ ಎಲ್ಲರಿಗೂ ಭಯ. ನನ್ನ ಜಿಮ್ಮಲ್ಲಿ ಅರ್ಧ ಜನ ಬಿಟ್ಟರು.

ಎರಡನೇ_ಬ್ಯಾಟರಿ
ಅಪ್ಪು ಅವರ ವಿಷಯವನ್ನು ಇದಕ್ಕೆ ತಳುಕು ಹಾಕಬೇಡಿ, ಅವರಿಗೆ ಈ ಕಾಯಿಲೆ ಇತ್ತು ಅಂತ ಯಾರೂ ಹೇಳಿಲ್ಲ. ಮೊದಲೆಲ್ಲ ನಮ್ಮಂಥವರಿಗೆ ಓಡಲೂಬೇಡ ಅನ್ನುತ್ತಿದ್ದರು. ಈಗ ಬದಲಾಗಿದೆ. 2023ರಲ್ಲಿ ಸಾವಿರದ ಆರುನೂರಕ್ಕೂ ಜಾಸ್ತಿ ಜನರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನ ಬಂತು, ಜೋರಾಗಿ ವ್ಯಾಯಾಮ ಮಾಡುವವರಿಗೆ ಅಪಾಯ ಜಾಸ್ತಿ ಏನೂ ಕಾಣಲಿಲ್ಲ. ಆದರೆ ಅವರೆಲ್ಲ ಚೆನ್ನಾಗಿ ತಪಾಸಣೆ ಆಗಿ, ಚಿಕಿತ್ಸೆಯಲ್ಲಿ ಇದ್ದವರು. ತಮ್ಮ ಈಗಷ್ಟೇ ಬಿದ್ದು ಎದ್ದಿದ್ದಾನೆ. ಸದ್ಯಕ್ಕೆ ನಡಿಗೆ ಸಾಕು.

ಐಸಿಡಿ ಪ್ರಶ್ನೆಗೆ ಯಾರೂ ಸರಿಯಾಗಿ ಉತ್ತರ ಕೊಟ್ಟಿಲ್ಲ. ಎಲ್ಲರಿಗೂ ಹಾಕಲ್ಲ. ಕಾರಣ ಗೊತ್ತಾಗದೆ ಬಿದ್ದಿದ್ದು, ಹತ್ತಿರದವರು ಚಿಕ್ಕ ವಯಸ್ಸಲ್ಲಿ ಹಠಾತ್ ಹೋಗಿದ್ದು, ಗೋಡೆ 30 ಮಿಮೀ ಮುಟ್ಟಿದ್ದು, ಹೋಲ್ಟರ್‌ನಲ್ಲಿ (ಮೈಗೆ ಕಟ್ಟಿಕೊಂಡು ದಿನವಿಡೀ ಇಸಿಜಿ ದಾಖಲಿಸುವ ಯಂತ್ರ) ಕೆಟ್ಟ ಬಡಿತದ ಸಾಲು, ಎಂಆರ್‌ಐನಲ್ಲಿ ಗಾಯದ ಗುರುತು ಜಾಸ್ತಿ ಇರುವುದು, ಇಂಥವನ್ನು ನೋಡಿ ತೂಗುತ್ತಾರೆ. ತಮ್ಮನಿಗೆ ಮೊದಲನೆಯದೂ ಎರಡನೆಯದೂ ಆಗಲೇ ಇವೆ. ನಾನು ನಿಮ್ಮ ಜಾಗದಲ್ಲಿದ್ದರೆ ಹೆಚ್ಚು ಯೋಚಿಸುತ್ತಿರಲಿಲ್ಲ. ಖರ್ಚು ಲಕ್ಷಗಟ್ಟಲೆ, ನಿಜ. ಜಯದೇವದಂಥ ಕಡೆ ಕೇಳಿ, ಆಯುಷ್ಮಾನ್ ಕಾರ್ಡ್ ಇದ್ದರೆ ತೋರಿಸಿ. ಹಾಕಿಸಿದ ಮೇಲೆ ಮೊಬೈಲ್ ಎಡ ಜೇಬಲ್ಲಿ ಇಡಬಾರದು, ಇಂಡಕ್ಷನ್ ಒಲೆಯಿಂದ ಎರಡು ಅಡಿ ದೂರ. ಇಷ್ಟೇ ಸಂಸಾರ.

ಕಟ್ಟೆಪುರಾಣ
ಇನ್ಶೂರೆನ್ಸ್ ಬಗ್ಗೆ ಒಂದು ಮಾತು. ಹುಟ್ಟಿನಿಂದ ಬಂದಿದ್ದು, ವಂಶದಿಂದ ಬಂದಿದ್ದು ಅಂತ ಕ್ಲೇಮ್ ತಿರಸ್ಕರಿಸಿದರೆ ಸುಮ್ಮನಾಗಬೇಡಿ. 2018ರ ಫೆಬ್ರವರಿಯಲ್ಲಿ ದೆಹಲಿ ಹೈಕೋರ್ಟ್ ಇಂಥದ್ದೇ ಕೇಸಲ್ಲಿ, ಅದೂ ಇದೇ ಕಾಯಿಲೆಯ ಕೇಸಲ್ಲಿ, ಕಂಪನಿಯ ವಿರುದ್ಧ ತೀರ್ಪು ಕೊಟ್ಟಿತ್ತು. ಪಾಲಿಸಿಯ ಸಣ್ಣ ಅಕ್ಷರ ಓದಿ.

ಮನೆಮಾತು
ಎಲ್ಲ ಹೇಳಿದಿರಿ, ಮದುವೆ ವಿಷಯ ಯಾರೂ ಮುಟ್ಟಲಿಲ್ಲ. ನಾನೊಬ್ಬ ತಾಯಿ. ಅವರ ಅಮ್ಮನ ಹೆದರಿಕೆ ನನಗೆ ಅರ್ಥ ಆಗುತ್ತದೆ. ಮದುವೆ ಮುಗಿಸಿ ಆಮೇಲೆ ಎಕೋ ಮಾಡಿಸಿದರೆ ಏನು ಮುಳುಗುತ್ತದೆ?

ನೇರನುಡಿ
ಅಂದರೆ ಮುಚ್ಚಿಟ್ಟು ಮದುವೆ ಮಾಡಿ ಅಂತ?

ಮನೆಮಾತು
ಗೊತ್ತಿಲ್ಲದ್ದನ್ನು ಮುಚ್ಚಿಡುವುದು ಹೇಗೆ? ಊರಲ್ಲಿ ಒಂದು ಸಲ "ಆ ಮನೆಯವರಿಗೆ ಹಾರ್ಟ್ ಪ್ರಾಬ್ಲಮ್" ಅಂತ ಹರಡಿದರೆ ಹೆಣ್ಣುಮಗಳ ಗತಿ ಏನು, ನಿಮಗೇನು ಗೊತ್ತು.

ಹಳೇ_ಮೇಷ್ಟ್ರು
ತಾಯಿ, ಊರಿಗೆ ಆಗಲೇ ಗೊತ್ತಿದೆ. ಎರಡು ಜನ ಹೋಗಿದ್ದಾರೆ, ಒಬ್ಬ ಆಟದ ಮೈದಾನದಲ್ಲಿ ಎಲ್ಲರ ಎದುರು ಬಿದ್ದಿದ್ದಾನೆ.

ಎರಡನೇ_ಬ್ಯಾಟರಿ
ನನ್ನ ಹೆಂಡತಿಗೆ ಮದುವೆಗೆ ಮೊದಲೇ ಹೇಳಿದ್ದೆ. ಡಬ್ಬಿ ಮುಟ್ಟಿ ನೋಡಿ "ಇದಕ್ಕೆ ಚಾರ್ಜರ್ ಇದೆಯಾ" ಅಂತ ಕೇಳಿದಳು. ಅವರ ಅಪ್ಪ ಒಪ್ಪಲು ಮಾತ್ರ ಎಂಟು ತಿಂಗಳು. ಎಲ್ಲರಿಗೂ ಹೀಗೇ ಆಗುತ್ತದೆ ಅನ್ನಲ್ಲ.

ಮನೆಮಾತು
ನೀವು ಗಂಡಸರು, ಎಂಟು ತಿಂಗಳಲ್ಲಿ ಮುಗಿಯಿತು. ನಾನು ಹೇಳಿದ್ದಕ್ಕೆ ನಾನು ಬದ್ಧ.

ತೋಟದಮನೆ_ಹುಡುಗಿ
ಹತ್ತು ದಿನ ಆಯ್ತು, ಬರೆಯಲು ಆಗಿರಲಿಲ್ಲ. ಕೊನೆಗೆ ತಂಗಿಯೇ ಗಲಾಟೆ ಮಾಡಿದಳು. "ಅಕ್ಕನೂ ನಾನೂ ಹೋಗೋದೇ, ಹುಡುಗನ ಮನೆಯವರಿಗೆ ನಾನೇ ಹೇಳ್ತೀನಿ" ಅಂದಳು. ಅಮ್ಮ ಮಾತಾಡದೆ ಜೊತೆಗೆ ಬಂದರು.

ತಂಗಿಗೆ 9 ಮಿಮೀ, ಇಸಿಜಿಯೂ ನಾರ್ಮಲ್. ಸದ್ಯಕ್ಕೆ ಏನೂ ಇಲ್ಲ.

ನನಗೆ 14.

ನನ್ನ ಬಗ್ಗೆ ನಾನು ಯೋಚಿಸಿಯೇ ಇರಲಿಲ್ಲ. ಎಕೋ_ರೂಮ್ ಅವರು ಹೇಳಿದ ಹಾಗೆ ತಮ್ಮನ ವಿಷಯ ಮೊದಲೇ ಹೇಳಿದ್ದೆ. ಇಲ್ಲದಿದ್ದರೆ ಏನು ಬರೆಯುತ್ತಿದ್ದರೋ. ಅಡಚಣೆ ಇಲ್ಲ, ಮುಕ್ಕಿಸಿದಾಗಲೂ ಗ್ರೇಡಿಯೆಂಟ್ 12 ಅಷ್ಟೆ. ತೋಟದ ದರೆ ಹತ್ತುವಾಗ ಎರಡು ಸಲ ನಿಲ್ಲುತ್ತಿದ್ದೆ, ಹೆರಿಗೆ ಆದ ಮೇಲೆ ದಪ್ಪ ಆಗಿದ್ದಕ್ಕೆ ಅಂದುಕೊಂಡಿದ್ದೆ. ಈಗ ಹೋಲ್ಟರ್ ಕಟ್ಟಿಕೊಂಡೇ ಇದನ್ನು ಬರೆಯುತ್ತಿದ್ದೇನೆ. ತಮ್ಮನಿಗೆ ಮೆಟೊಪ್ರೊಲಾಲ್ ಶುರು ಆಗಿದೆ, ಎಂಆರ್‌ಐ ಮುಗಿದಿದೆ, ಮುಂದಿನ ವಾರ ಐಸಿಡಿ. ಜೀನ್ ಟೆಸ್ಟಿಗೆ ಅವನ ರಕ್ತವನ್ನೇ ಕೊಟ್ಟಿದ್ದೇವೆ.

ಅಮ್ಮ ಎಕೋ ರೂಮಿನ ಹೊರಗೆ ಕೂತಿದ್ದರು. ನನ್ನ ನಂಬರ್ ಹೇಳಿದೆ. ತುಂಬಾ ಹೊತ್ತು ಸುಮ್ಮನಿದ್ದು, "ನಿಮ್ಮಪ್ಪನೂ ದರೆ ಅರ್ಧಕ್ಕೆ ಕೂತ್ಕೊಳ್ತಿದ್ರು. ಬೀಡಿ ಸೇದೋಕೆ ಅಂದ್ಕೊಂಡಿದ್ದೆ" ಅಂದರು.

ಮನೆಮಾತು
ಅಮ್ಮನನ್ನು ಚೆನ್ನಾಗಿ ನೋಡಿಕೊಳ್ಳಿ. ಹುಡುಗನ ಮನೆಯವರು ಏನಂದರು?

ತೋಟದಮನೆ_ಹುಡುಗಿ
ಯೋಚಿಸಿ ಹೇಳ್ತೀವಿ ಅಂದಿದ್ದಾರೆ. ಇನ್ನೂ ಫೋನ್ ಬಂದಿಲ್ಲ.

ಎಕೋ_ರೂಮ್
ಅಕ್ಕ, ಮಗನದು?

ತೋಟದಮನೆ_ಹುಡುಗಿ
ಶುಕ್ರವಾರ ಕರೆದುಕೊಂಡು ಹೋಗ್ತಿದ್ದೇವೆ. ಜೆಲ್ಲಿ ಐಸ್ ಥರ ಇರುತ್ತೆ ಅಂತ ತಂಗಿ ಈಗಲೇ ಹೆದರಿಸಿ ಇಟ್ಟಿದ್ದಾಳೆ.

ಎಕೋ_ರೂಮ್
ಮೊಬೈಲಲ್ಲಿ ಅವನಿಗೆ ಇಷ್ಟದ ಕಾರ್ಟೂನ್ ಹಾಕಿಕೊಂಡು ಹೋಗಿ. ಅತ್ತರೆ ಚಿತ್ರ ಸರಿ ಬರಲ್ಲ. ಜೆಲ್ಲಿ ಸ್ವಲ್ಪ ಬಿಸಿ ಮಾಡಿ ಹಾಕಿ ಅಂತ ಕೇಳಿ, ಮಾಡ್ತಾರೆ.